ತಳಾರ ಯಮದಂಡ: ವಡ್ಡಾರಾಧನೆಯ ಒಂದು ಪತ್ತೇದಾರಿ ಕಥೆಯ ಪುನರವಲೋಕನ

ಪತ್ತೇದಾರಿ ಕಥೆಯೆಂಬುದು ಇಂಗ್ಲಿಷಿನಿಂದಲೂ ವಂಗಭಾಷೆಯಿಂದಲೂ ಕನ್ನಡಕ್ಕೆ ಬಂದ ಸರಕೆಂದು ನಮ್ಮಲ್ಲಿ ಹೇಳುವ ರೂಢಿಯುಂಟು. ಷರ್ಲಾಕ್ ಹೋಮ್ಸನು ೧೮೮೭ರಲ್ಲಿ ಮೊದಲು ಕಾಣಿಸಿಕೊಂಡನು. ಅವನ ವಂಶದವರು ಕಾಲಕ್ರಮದಲ್ಲಿ ಕನ್ನಡದ ವೇಷ ತೊಟ್ಟರು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಎನ್. ನರಸಿಂಹಯ್ಯ, ಎಂ. ರಾಮಮೂರ್ತಿ ಮೊದಲಾದವರ ಕಾದಂಬರಿಗಳು ಬಾಡಿಗೆ ಪುಸ್ತಕಾಲಯಗಳಲ್ಲಿ ಕೈಯಿಂದ ಕೈಗೆ ಓಡಾಡಿದುವು. ಪಂಡಿತರು ಇವುಗಳ ಕಡೆಗೆ ಕಣ್ಣೆತ್ತಿ ನೋಡಲಿಲ್ಲ. ಇದು ನ್ಯಾಯವೋ ಅನ್ಯಾಯವೋ ಎಂಬುದು ಬೇರೆ ವಿಚಾರ. ಪಂಡಿತರೇ ಪೂಜ್ಯಭಾವದಿಂದ ಓದುವ, ಓದಿಸುವ ಒಂದು ಪ್ರಾಚೀನ ಗದ್ಯಗ್ರಂಥದ ನಡುವೆ ಕಳವು, ಗಡುವು, ಶೋಧ, ಬಂಧನ, ವಿಚಾರಣೆ, ತಪ್ಪೊಪ್ಪಿಗೆ ಎಂಬ ಎಲ್ಲ ಅಂಗಗಳನ್ನೂ ಒಳಗೊಂಡ ಕಥೆಯೊಂದು ಸಾವಿರ ವರ್ಷಗಳಿಂದ ಕುಳಿತಿದೆ. ಅದರಲ್ಲಿ ಬರುವ ಪತ್ತೆದಾರನ ವಿಚಾರವನ್ನು ಮಾತ್ರ ಯಾರೂ ಹೆಚ್ಚಾಗಿ ಆಡಿದಂತೆ ಕಾಣುವುದಿಲ್ಲ.

ಆ ಗ್ರಂಥವು ವಡ್ಡಾರಾಧನೆ. ಕಥೆಯು ಅದರ ಹತ್ತೊಂಬತ್ತು ಕಥೆಗಳಲ್ಲಿ ಹದಿಮೂರನೆಯದಾದ ವಿದ್ಯುಚ್ಚೋರ ರಿಸಿಯ ಕಥೆ. ಗ್ರಂಥದ ಕರ್ತೃ, ಕಾಲ, ಹೆಸರು ಈ ಮೂರರ ವಿಷಯದಲ್ಲಿಯೂ ವಿದ್ವಾಂಸರೊಳಗೆ ವಾದವುಂಟು. ಶಿವಕೋಟ್ಯಾಚಾರ್ಯನ ಹೆಸರಿನೊಡನೆ ಅದನ್ನು ಹೇಳುವುದು ರೂಢಿ. ೧೯೪೯ರಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಿದ ಡಿ. ಎಲ್. ನರಸಿಂಹಾಚಾರ್ಯರು ಅದು ಕ್ರಿ.ಶ. ೯೨೦ರ ಸುಮಾರಿನದೆಂದು ತಿಳಿದರು. ಇದೇ ಕಥಾಸಮೂಹವನ್ನು ಸಂಸ್ಕೃತದಲ್ಲಿ ಹೇಳುವ ಹರಿಷೇಣನ ಬೃಹತ್ಕಥಾಕೋಶವು ಶಕ ೮೫೩, ಎಂದರೆ ಕ್ರಿ.ಶ. ೯೩೧-೩೨ಕ್ಕೆ ಸೇರಿದ್ದು. ಅದನ್ನು ೧೯೪೩ರಲ್ಲಿ ಹೊರತಂದ ಎ. ಎನ್. ಉಪಾಧ್ಯೆಯವರು ಈ ಎಲ್ಲ ಕಥಾಕೋಶಗಳ ಸಂಬಂಧವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಎಲ್ಲಕ್ಕೂ ಬೇರು ಪ್ರಾಕೃತದ ಭಗವತೀ ಆರಾಧನೆಯ ಗಾಹೆಗಳಲ್ಲಿದೆ. ನಮ್ಮ ವಿದ್ಯುಚ್ಚೋರನಿಗೆ ಅಲ್ಲಿ ದೊರೆತಿರುವುದು ಒಂದೇ ಒಂದು ಗಾಹೆ. ಕಾಡುನೊಣ ಸೊಳ್ಳೆಗಳು ತಿನ್ನುತ್ತಿದ್ದರೂ ಘೋರವೇದನೆಯನ್ನು ಸಹಿಸಿ ಅವನು ಉತ್ತಮಾರ್ಥವನ್ನು ಪಡೆದನೆಂಬುದಷ್ಟೇ ಅದರ ತಾತ್ಪರ್ಯ. ಕಳವಿನ ಸುದ್ದಿಯಾಗಲಿ ತಳಾರನ ಹೆಸರಾಗಲಿ ಅದರಲ್ಲಿಲ್ಲ. ಕಥೆಗಾರರು ಒಂದು ಗಾಹೆಯ ಹಿಂದೆ ಇಡಿಯ ಅಪರಾಧಕಥೆಯೊಂದನ್ನು ಕಟ್ಟಿದ್ದಾರೆ ಎಂಬುದನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕಥೆಯ ಸಾರ ಹೀಗಿದೆ. ವಿದೇಹ ನಾಡಿನ ಮಿಥಿಳೆಯಲ್ಲಿ ವಾಮರಥನೆಂಬ ಅರಸು. ಅವನ ತಳಾರ, ಎಂದರೆ ಪಟ್ಟಣದ ಕಾವಲಿನ ಅಧಿಕಾರಿ, ಯಮದಂಡ. ಅದೇ ಪಟ್ಟಣದಲ್ಲಿ ವಿದ್ಯುಚ್ಚೋರನೆಂಬ ಕಳ್ಳನಿದ್ದಾನೆ. ಹಗಲು ಅವನು ಪಾಳುದೇಗುಲವೊಂದರಲ್ಲಿ ಕುಷ್ಠರೋಗಿಯ ರೂಪದಲ್ಲಿ ಬಿದ್ದಿರುತ್ತಾನೆ. ಇರುಳಾದರೆ ದಿವ್ಯರೂಪವನ್ನು ತಾಳಿ ಭೋಗಿಯಾಗಿ ತಿರುಗುತ್ತಾನೆ. ಒಂದು ಇರುಳು ಅರಸನ ಹಾರವೇ ಕಳವಾಯಿತು. ಅರಸನು ತಳಾರನನ್ನು ಕರೆದು, ಏಳು ದಿನಗಳೊಳಗೆ ಕಳ್ಳನನ್ನು ತಂದೊಪ್ಪಿಸಬೇಕು, ಇಲ್ಲವಾದರೆ ಕಳ್ಳನಿಗಾಗುವ ದಂಡನೆಯೇ ನಿನಗಾಗುವುದು ಎಂದು ಆಜ್ಞಾಪಿಸಿದನು. ಯಮದಂಡನು ಪಟ್ಟಣವನ್ನೆಲ್ಲ ಅರಸಿದನು. ದಿನಗಳು ಸಂದುವು. ಏಳನೆಯ ದಿನ ಆ ಪಾಳುದೇಗುಲದಲ್ಲಿ ಕುಷ್ಠರೋಗಿಯನ್ನು ಕಂಡು, ಹಿಡಿದು, ಎಳೆದು ತಂದು, ಇವನೇ ಕಳ್ಳನೆಂದು ಅರಸನ ಮುಂದೆ ನಿಲ್ಲಿಸಿದನು.

ಈ ಪಾಳುದೇಗುಲದ ಬಳಿ ಒಂದು ಗಳಿಗೆ ನಿಲ್ಲಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ವಾಚಕರಿಗೆ ಇಂಥ ಸ್ಥಳವನ್ನು ಕಲ್ಪಿಸಿಕೊಳ್ಳಲು ಕಷ್ಟವಿಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನ ಕೇರಿಗಳಲ್ಲಿ ನಡೆದವರು ಗುಡಿಗಳ ನಡುವೆ ಹಾಳುಬಿದ್ದ ಅಧಿಷ್ಠಾನಗಳನ್ನೂ ಅಲ್ಲಿಯ ಕತ್ತಲೆ ಬಸದಿಯನ್ನೂ ನೋಡಿಯೇ ಇರುತ್ತಾರೆ. ಹೊಸಂಗಡಿಯಲ್ಲಿ ಹೊನ್ನೆಯಕಂಬಳಿಯ ಅರಸರಿದ್ದರು, ಬಸರೂರಿನಲ್ಲಿ ವರ್ತಕರಿದ್ದರು. ಜೈನಕಥೆಯನ್ನು ಒಂದು ಕಾಲದಲ್ಲಿ ಮನೆಮಾತಾಗಿ ಕೇಳಿದ ನಾಡು ಇದು. ಜನವಿದ್ದ ಪಟ್ಟಣದೊಳಗೇ ಜನರಿಲ್ಲದ ಎಡೆಯೊಂದು ಉಳಿದಿರುವುದು, ಅಲ್ಲಿ ಯಾರೂ ಮುಟ್ಟಲೊಲ್ಲದ ರೋಗಿಯೊಬ್ಬನು ಬಿದ್ದಿರುವುದು, ಎಲ್ಲರೂ ಅವನನ್ನು ಕಂಡೂ ಕಾಣದಂತೆ ಹಾದುಹೋಗುವುದು, ಇದಕ್ಕಿಂತ ಒಳ್ಳೆಯ ಅಡಗುದಾಣವನ್ನು ಯಾವ ಕಳ್ಳನು ಹುಡುಕಿಯಾನು? ಕಥೆಗಾರನ ಲೋಕಾನುಭವ ಇಲ್ಲಿ ಕಾಣುತ್ತದೆ. ವೇಷ ಮರೆಸುವುದಕ್ಕಿಂತ ಹೆಚ್ಚಾಗಿ ಜನರ ಅಸಹ್ಯವೇ ಇಲ್ಲಿ ಕಳ್ಳನನ್ನು ಮರೆಸುತ್ತದೆ.

ಹಿಡಿದು ತಂದ ಮೇಲೆ ಏನಾಯಿತು? ರೋಗಿಯು ತಾನು ಕಳ್ಳನಲ್ಲವೆಂದನು. ಯಮದಂಡನು ಇವನೇ ಎಂದನು. ಮೂವತ್ತೆರಡು ಬಗೆಯ ದಂಡನೆಗಳು ಒಂದಾದ ಮೇಲೊಂದು ನಡೆದುವು. ಅಷ್ಟಕ್ಕೂ ಅವನ ಬಾಯಿಂದ ಬಂದದ್ದು ಮೊದಲಿನ ಉತ್ತರವೇ. ಕೊನೆಗೆ ಅರಸನು ಅಭಯವನ್ನು ಕೊಟ್ಟು ನಿಜವನ್ನು ಹೇಳೆಂದಾಗ, ತಾನೇ ಕಳ್ಳನೆಂದೂ ಯಮದಂಡನ ಮಾತು ಸತ್ಯವೆಂದೂ ಅವನು ಒಪ್ಪಿಕೊಂಡನು. ಇಷ್ಟು ನೋವನ್ನು ಹೇಗೆ ತಾಳಿದೆ ಎಂದು ಕೇಳಲು, ಮುನಿಗಳಿಂದ ನರಕದ ವೇದನೆಗಳ ವರ್ಣನೆಯನ್ನು ಕೇಳಿದ್ದೆ, ಅದರ ಮುಂದೆ ಇದು ಅಲ್ಪವೆಂದು ಬಗೆದೆ ಎಂದನು. ಅರಸನು ಮೆಚ್ಚಿ ಬೇಡಿದ್ದನ್ನು ಕೊಡುವೆನೆನ್ನಲು, ತನ್ನ ಕೆಳೆಯನಾದ ಯಮದಂಡನಿಗೆ ಅಭಯವನ್ನು ಕೊಡಬೇಕೆಂದು ಬೇಡಿದನು.

ಆಗ ಹಿಂದಿನ ವೃತ್ತಾಂತ ಹೊರಬೀಳುತ್ತದೆ. ವಿದ್ಯುಚ್ಚೋರನು ದಕ್ಷಿಣಾಪಥದ ಆಭೀರ ನಾಡಿನಲ್ಲಿ, ವೆಣ್ಣೆಯ ತೀರದ ಪಟ್ಟಣವನ್ನಾಳುತ್ತಿದ್ದ ಜಿತಶತ್ರುವಿನ ಮಗ. ಯಮದಂಡನು ಅಲ್ಲಿಯ ತಳಾರನ ಮಗ. ಇಬ್ಬರೂ ಒಬ್ಬನೇ ಗುರುವಿನ ಬಳಿ ಓದಿದರು. ಒಬ್ಬನು ಕಾಯುವ ವಿದ್ಯೆಯನ್ನು ಕಲಿತನು, ಅರಸುಮಗನು ಕದಿಯುವ ವಿದ್ಯೆಯನ್ನು. ನೀನು ತಳಾರನಾಗಿರುವ ಊರಿಗೆ ಬಂದು ನಾನು ಕದಿಯುವೆನೆಂದು ಆಟದ ಮಾತಿನಲ್ಲಿ ಅವನು ಪ್ರತಿಜ್ಞೆ ಮಾಡಿದ್ದನು. ಮುಂದೆ ತಂದೆಗಳಿಬ್ಬರೂ ತಪಸ್ಸಿಗೆ ಹೋದರು. ಪಟ್ಟವು ವಿದ್ಯುಚ್ಚೋರನಿಗೆ ಬಂದಿತು. ಯಮದಂಡನು ಅವನಿಗೆ ಅಂಜಿ ಊರು ಬಿಟ್ಟು ಮಿಥಿಳೆಗೆ ಬಂದು ವಾಮರಥನ ಸೇವೆಗೆ ನಿಂತನು. ಆಡಿದ ಮಾತನ್ನು ಸಲ್ಲಿಸುವುದಕ್ಕಾಗಿ ಅರಸನೇ ರಾಜ್ಯವನ್ನು ಬಿಟ್ಟು ಕಳ್ಳನಾಗಿ ಕೆಳೆಯನ ಬೆನ್ನುಹತ್ತಿ ಬಂದನು.

ಈವರೆಗೆ ಈ ಕಥೆಯನ್ನು ಓದಿದವರೆಲ್ಲರೂ ಕಳ್ಳನನ್ನೇ ನೋಡಿದ್ದಾರೆ. ಅದು ಸಹಜ. ಭಾರತೀಯ ಕಥಾಸಾಹಿತ್ಯದಲ್ಲಿ ಕಳ್ಳನಿಗೆ ಇರುವ ಗೌರವ ಅಲ್ಪವಲ್ಲ. ಮೃಚ್ಛಕಟಿಕದ ಶರ್ವಿಲಕನು ಗೋಡೆಗೆ ಕನ್ನವಿಡುವುದನ್ನು ಶಾಸ್ತ್ರೋಕ್ತವಾಗಿ ನಡೆಸುತ್ತಾನೆ. ದಶಕುಮಾರಚರಿತದ ಅಪಹಾರವರ್ಮನು ಜಿಪುಣರ ಊರನ್ನೇ ಬರಿದುಮಾಡುತ್ತಾನೆ. ಮಾರಿಸ್ ಬ್ಲೂಮ್‌ಫೀಲ್ಡನು ೧೯೨೩ರಲ್ಲಿ ಹಿಂದೂ ಕಥೆಗಳಲ್ಲಿಯ ಚೌರ್ಯಕಲೆಯ ವಿಷಯವಾಗಿ ಒಂದು ದೀರ್ಘ ಲೇಖನವನ್ನೇ ಬರೆದನು. ಜೈನಕಥೆಗಳಲ್ಲಿ ವಿದ್ಯುಚ್ಚೋರನೆಂಬ ಹೆಸರು ಒಬ್ಬನಿಗೆ ಮೀಸಲಾಗಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಜಂಬೂಸ್ವಾಮಿಯ ಮನೆಗೆ ಕದಿಯಲು ಹೋಗಿ ಅವನ ವೈರಾಗ್ಯದ ಮಾತನ್ನು ಕೇಳಿ ಮನಸ್ಸು ತಿರುಗಿದ ಇನ್ನೊಬ್ಬ ವಿದ್ಯುಚ್ಚೋರನು ಬೇರೆ. ಇಬ್ಬರನ್ನೂ ಒಂದುಮಾಡಿ ಹೇಳುವವರುಂಟು, ಅದು ಸಲ್ಲದು.

ಇನ್ನು ತಳಾರನ ವಿಚಾರ. ಅವನ ಕೈಯಲ್ಲಿ ಇದ್ದ ಆಧಾರವೇನು? ಹಾರವು ರೋಗಿಯ ಬಳಿ ಸಿಕ್ಕಿಲ್ಲ. ಕಳವನ್ನು ಕಂಡ ಸಾಕ್ಷಿಯಿಲ್ಲ. ಗಡುವಿನ ಕೊನೆಯ ದಿನ ಬಂದಿದೆ. ಕಳ್ಳನು ದೊರೆಯದಿದ್ದರೆ ತನ್ನ ತಲೆಗೇ ಬರುತ್ತದೆ. ಇಂಥ ಹೊತ್ತಿನಲ್ಲಿ ಅಧಿಕಾರಿಯೊಬ್ಬನು ದಿಕ್ಕಿಲ್ಲದ ಕುಷ್ಠರೋಗಿಯನ್ನು ಹಿಡಿದು ತಂದರೆ ನೋಡಿದವರು ಏನೆಂದಾರು? ಕೈಗೆ ಸಿಕ್ಕಿದ ಬಡವನನ್ನು ಬಲಿಕೊಟ್ಟು ತನ್ನ ಪ್ರಾಣವನ್ನು ಉಳಿಸಿಕೊಳ್ಳುತ್ತಿದ್ದಾನೆಂದೇ ಅನ್ನುವರು. ಕಥೆಯ ಅಂತ್ಯವನ್ನು ಅರಿಯದ ಓದುಗನೂ ಹಾಗೆಯೇ ಎಣಿಸುತ್ತಾನೆ. ಆದರೂ ಯಮದಂಡನ ಮಾತು ನಿಜವಾಗಿದೆ. ಈ ಇಕ್ಕಟ್ಟಿನಿಂದಲೇ ಕಥೆಗೆ ಬಿಗುಪು ಬಂದಿದೆ.

ಅವನಿಗೆ ಗೊತ್ತಾದದ್ದು ಹೇಗೆ? ನಮಗೆ ತೋರುವ ಸಮಾಧಾನ ಇದು. ಯಮದಂಡನು ಮಿಥಿಳೆಗೆ ಬಂದ ದಿನದಿಂದಲೂ ಈ ಕಳವನ್ನು ಎದುರು ನೋಡುತ್ತಿದ್ದನು. ಬಾಲ್ಯದ ಪ್ರತಿಜ್ಞೆಗೆ ಅಂಜಿ ಹುಟ್ಟಿದೂರನ್ನು ತೊರೆದವನು ಅವನು. ಆ ಮಾತನ್ನು ಮರೆತಿರಲಾರನು. ಅರಸನ ಹಾರವು ತನ್ನ ಕಾವಲಿನ ಕಣ್ಣಮುಂದೆಯೇ ಮಾಯವಾದಾಗ, ಯಾರೆಂಬ ಪ್ರಶ್ನೆ ಅವನಿಗೆ ಉಳಿದಿರಲಿಲ್ಲ. ಎಲ್ಲಿ, ಯಾವ ವೇಷದಲ್ಲಿ ಎಂಬುದೊಂದೇ ಪ್ರಶ್ನೆ. ಆರು ದಿನ ಅವನು ಹುಡುಕಿದ್ದು ಒಬ್ಬ ಕಳ್ಳನನ್ನಲ್ಲ, ತನ್ನ ಕೆಳೆಯನ ಬುದ್ಧಿಯನ್ನು. ಒಂದೇ ಗುರುವಿನ ಬಳಿ ಓದಿದವನಾದ್ದರಿಂದ, ಅವನು ಯಾವ ಎಡೆಯನ್ನು ಆರಿಸಿಕೊಂಡಾನೆಂದು ಊಹಿಸಬಲ್ಲವನಾದನು.

ಹೀಗೆಂದು ಒಪ್ಪಿದರೆ ಯಮದಂಡನ ಚಿತ್ರ ಮೊದಲಿಗಿಂತ ಕಪ್ಪಾಗುತ್ತದೆ, ತಿಳಿಯಾಗುವುದಿಲ್ಲ. ಕಳ್ಳನು ಯಾರೆಂದು ತಿಳಿದಿದ್ದೂ ಅವನು ಅರಸನಿಗೆ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ, ಹೇಳಿದರೆ, ಈ ಕೇಡನ್ನು ಊರಿಗೆ ತಂದವನು ತಾನೇ, ತಾನು ಸೇವೆಗೆ ನಿಂತದ್ದರಿಂದಲೇ ಕಳ್ಳನು ಮಿಥಿಳೆಗೆ ಬಂದನು ಎಂಬುದು ಬಯಲಾಗುತ್ತಿತ್ತು. ಆದ್ದರಿಂದ ಇವನೇ ಕಳ್ಳನೆಂಬ ತೀರ್ಮಾನವನ್ನು ಮಾತ್ರ ಸಭೆಗೆ ಒಪ್ಪಿಸಿ, ಅದಕ್ಕೆ ಕಾರಣವನ್ನು ಒಳಗೆ ಇಟ್ಟುಕೊಂಡನು. ಕಾರಣವಿಲ್ಲದ ತೀರ್ಮಾನವನ್ನು ಸಭೆ ನಂಬಬೇಕಾದರೆ ಆರೋಪಿಯ ಬಾಯಿಂದಲೇ ಅದು ಹೊರಡಬೇಕು. ಹಾಗೆ ಹೊರಡಿಸಲೆಂದು ಮೂವತ್ತೆರಡು ದಂಡನೆಗಳು ನಡೆದುವು. ದಂಡನೆಗೆ ಗುರಿಯಾದವನು ತನ್ನ ಸಹಪಾಠಿಯೆಂದು ತಿಳಿದೇ ಅವನು ಅದನ್ನು ನಡೆಸಿದನೆ? ಹೌದೆಂದೇ ನಮ್ಮ ಅಭಿಪ್ರಾಯ. ರೂಪವು ಮರೆಯಾಗಿದ್ದರಿಂದ ಅವನು ಗುರುತಿಸಿರಲಿಲ್ಲವೆಂದು ಮತ್ತೊಬ್ಬರು ವಾದಿಸಬಹುದು. ಆಗ ಅವನು ಏನೂ ತಿಳಿಯದೆ ಒಬ್ಬ ರೋಗಿಯನ್ನು ಹಿಂಸಿಸಿದನೆಂದು ಒಪ್ಪಬೇಕಾಗುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ತಳಾರನ ಕೈ ಶುದ್ಧವಾಗುವುದಿಲ್ಲ.

ಈ ದಂಡನೆಯ ವಿಚಾರವನ್ನು ಅಂದಿನ ಶಾಸ್ತ್ರದ ಬೆಳಕಿನಲ್ಲಿ ನೋಡುವುದು ಉಪಯುಕ್ತ. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣ ಕಂಟಕಶೋಧನ. ಅದರ ಎಂಟನೆಯ ಅಧ್ಯಾಯ ಮಾತಿನಿಂದಲೂ ಹಿಂಸೆಯಿಂದಲೂ ನಡೆಸುವ ವಿಚಾರಣೆಗೆ ಮೀಸಲಾಗಿದೆ. ಕೌಟಿಲ್ಯನು ಮೃದುಹೃದಯದವನೆಂದು ಯಾರೂ ಹೇಳಲಾರರು. ಹದಿನೆಂಟು ಬಗೆಯ ಹಿಂಸೆಗಳನ್ನು ಅವನೇ ಎಣಿಸಿಕೊಡುತ್ತಾನೆ. ಆದರೆ ಅದೇ ಅಧ್ಯಾಯದಲ್ಲಿ ಅವನು ಹಾಕಿದ ಬೇಲಿಗಳನ್ನೂ ಗಮನಿಸಬೇಕು. ಕಳವಾಗಿ ಮೂರು ಇರುಳು ಕಳೆದ ಮೇಲೆ ಬರಿಯ ಶಂಕೆಯ ಮೇಲೆ ಯಾರನ್ನೂ ಹಿಡಿಯಬಾರದು. ಕಳವಿನ ಉಪಕರಣಗ��ು ಕಂಡುಬಂದರೆ ಮಾತ್ರ ಈ ನಿಯಮಕ್ಕೆ ವಿನಾಯಿತಿ. ದೋಷವು ಮನವರಿಕೆಯಾದವನನ್ನಷ್ಟೇ ಹಿಂಸೆಗೆ ಒಳಪಡಿಸಬೇಕು. ಬಾಲರು, ವೃದ್ಧರು, ರೋಗಿಗಳು, ಉನ್ಮತ್ತರು ಮೊದಲಾದವರನ್ನು ಹಿಂಸಿಸಕೂಡದು. ಯಮದಂಡನ ನಡತೆಯನ್ನು ಈ ನಿಯಮಗಳ ಪಕ್ಕದಲ್ಲಿ ಇಟ್ಟು ನೋಡಿರಿ. ಹಿಡಿದದ್ದು ಏಳನೆಯ ದಿನ, ಉಪಕರಣ ಕಂಡಿಲ್ಲ, ಹಿಡಿಯಲ್ಪಟ್ಟವನು ನೋಟಕ್ಕೆ ಮಹಾರೋಗಿ. ಒಂದೂ ಬಿಡದಂತೆ ಎಲ್ಲವನ್ನೂ ಅವನು ಮೀರಿದ್ದಾನೆ. ಕಥೆಗಾರನು ಅರ್ಥಶಾಸ್ತ್ರವನ್ನು ಮುಂದಿಟ್ಟುಕೊಂಡು ಬರೆದನೆಂದು ನಾವು ಹೇಳುವುದಿಲ್ಲ. ತಳಾರರ ಕೈಗೆ ಯಾವ ಮಿತಿ ಇರಬೇಕೆಂದು ಅರಸರ ಶಾಸ್ತ್ರವೇ ಬಯಸಿತ್ತು ಎಂಬುದನ್ನು ತೋರಿಸುವುದಷ್ಟೇ ಉದ್ದೇಶ.

ಅದೇ ಅಧ್ಯಾಯದಲ್ಲಿ ಇನ್ನೂ ಮುಖ್ಯವಾದ ಮಾತೊಂದಿದೆ. ಕಳ್ಳನಲ್ಲದವನೂ ಹಿಂಸೆಯ ಭಯದಿಂದ ತಾನು ಕಳ್ಳನೆಂದು ಒಪ್ಪಿಕೊಳ್ಳಬಹುದು, ಆದಕಾರಣ ಸಂಪೂರ್ಣವಾದ ಸಾಕ್ಷ್ಯವಿಲ್ಲದೆ ದಂಡಿಸಬಾರದು ಎಂದು ಎಚ್ಚರಿಸಿ, ಅದಕ್ಕೆ ಮಾಂಡವ್ಯನ ನಿದರ್ಶನವನ್ನು ಕೌಟಿಲ್ಯನು ಕೊಡುತ್ತಾನೆ. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯನು ಮೌನವ್ರತದಲ್ಲಿದ್ದು ಏನನ್ನೂ ಹೇಳದೆ ಶೂಲಕ್ಕೇರಿದನೆಂದಿದೆ. ಕೌಟಿಲ್ಯನು ಬಲ್ಲ ಕಥೆಯಲ್ಲಿ ಅವನು ಒಪ್ಪಿಕೊಂಡಿದ್ದಾನೆ. ಈ ಪಾಠಭೇದ ಬೇರೆಯೇ ಒಂದು ಲೇಖನಕ್ಕೆ ವಸ್ತುವಾಗಬಲ್ಲದು. ಪ್ರಕೃತ ನಮಗೆ ಬೇಕಾದದ್ದು ಇಷ್ಟು. ಮಾಂಡವ್ಯನು ನಿರಪರಾಧಿ, ಹಿಂಸೆಗೆ ಅಂಜಿ ಕಳ್ಳನೆಂದನು. ವಿದ್ಯುಚ್ಚೋರನು ಅಪರಾಧಿ, ಹಿಂಸೆಗೆ ಅಂಜದೆ ಕಳ್ಳನಲ್ಲವೆಂದನು. ಎರಡು ಕಥೆಗಳನ್ನೂ ಸೇರಿಸಿ ಓದಿದರೆ ಹಿಂಸೆಯು ಅಳೆಯುವುದು ದೇಹದ ತಾಳ್ಮೆಯನ್ನೇ ಹೊರತು ಮಾತಿನ ಸತ್ಯವನ್ನಲ್ಲವೆಂದು ಕಾಣುತ್ತದೆ. ಮಿಥಿಳೆಯ ಸಭೆಯಲ್ಲಿ ಸತ್ಯ ಹೊರಬಂದದ್ದು ದಂಡನೆ ನಿಂತ ಮೇಲೆ, ಅಭಯದ ಮಾತು ಕೇಳಿದ ಮೇಲೆ. ಹತ್ತನೆಯ ಶತಮಾನದ ಕನ್ನಡ ಗದ್ಯವೊಂದು ಈ ಕ್ರಮವನ್ನು ಇಷ್ಟು ಸ್ಪಷ್ಟವಾಗಿ ಇಟ್ಟಿರುವುದು ನಮಗೆ ಬಹು ದೊಡ್ಡ ಸಂಗತಿಯೆಂದು ತೋರುತ್ತದೆ.

ಕಳ್ಳನೂ ಕಾವಲಿನವನೂ ಏಕಗುರುವಿನ ಶಿಷ್ಯರೆಂಬ ಕಲ್ಪನೆ ಕೇವಲ ಕಥೆಯ ಚಮತ್ಕಾರವಲ್ಲವೆನ್ನಲು ಒಂದು ಕುತೂಹಲಕರವಾದ ಆಧಾರವುಂಟು. ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ ಮತ್ತವಿಲಾಸ ಪ್ರಹಸನದಲ್ಲಿ ಚೋರಶಾಸ್ತ್ರವನ್ನು ರಚಿಸಿದ ಆಚಾರ್ಯನೆಂದು ಖರಪಟನ ಹೆಸರು ಬರುತ್ತದೆ. ಕೌಟಿಲ್ಯನು ವಿಚಾರಣೆಯ ಹಿಂಸೆಗೆ ಬೇಕಾದ ಉಪಕರಣ, ಅಳತೆ ಮೊದಲಾದುವನ್ನು ಎಲ್ಲಿಂದ ತಿಳಿಯಬೇಕೆಂದು ಹೇಳುವಾಗ ಖರಪಟ್ಟವನ್ನು ಹೆಸರಿಸುತ್ತಾನೆ. ಕದಿಯುವವರಿಗೂ ಕದ್ದವರನ್ನು ಹಿಂಸಿಸುವವರಿಗೂ ಪ್ರಮಾಣವಾದದ್ದು ಒಂದೇ ಹೆಸರು. ಇವೆರಡೂ ಒಂದೇ ಗ್ರಂಥವೋ ಎಂಬುದನ್ನು ನಿಶ್ಚಯಿಸಲು ಗ್ರಂಥವೇ ಉಳಿದಿಲ್ಲ. ಆದರೂ ವೆಣ್ಣೆಯ ತೀರದ ಆ ಗುರುವಿನ ಮನೆಯಲ್ಲಿ ಎರಡು ವಿದ್ಯೆಗಳೂ ಒಂದೇ ಜಗಲಿಯ ಮೇಲೆ ನಡೆಯುತ್ತಿದ್ದುದಕ್ಕೆ ಶಾಸ್ತ್ರಪರಂಪರೆಯ ಬೆಂಬಲವಿದೆಯೆನ್ನಬಹುದು. ಯುರೋಪಿನಲ್ಲಿ ಈ ವಿಚಾರ ಬಹಳ ತಡವಾಗಿ ಬಂದಿತು. ಕಳ್ಳನಾಗಿದ್ದು ಪ್ಯಾರಿಸಿನ ಪತ್ತೆದಾರಿ ಪಡೆಗೆ ನಾಯಕನಾದ ವಿದೋಕನ ಪ್ರಸಿದ್ಧಿ ಹತ್ತೊಂಬತ್ತನೆಯ ಶತಮಾನದ್ದು. ೧೮೬೨ರಲ್ಲಿ ಹ್ಯೂಗೋ ಮಹಾಶಯನು ಚಿತ್ರಿಸಿದ ಝವೇರನು, ತಾನು ಬೆನ್ನಟ್ಟಿದವನು ತನಗಿಂತ ದೊಡ್ಡವನೆಂದು ತಿಳಿದಾಗ ಬದುಕಲಾರದೆ ನದಿಗೆ ಹಾರುತ್ತಾನೆ. ಯಮದಂಡನಿಗೆ ಅಂಥ ಗತಿ ಬರಲಿಲ್ಲ. ಅವನು ಬೆನ್ನಟ್ಟಿದವನೇ ಅವನಿಗೆ ಅಭಯವನ್ನು ಬೇಡಿಕೊಟ್ಟನು.

ಯಮದಂಡನೆಂಬ ಹೆಸರು ತಳಾರರಿಗೆ ಜೈನಕಥೆಗಳಲ್ಲಿ ಮತ್ತೆಯೂ ಬರುತ್ತದೆ. ಅವರಲ್ಲಿ ಒಬ್ಬನನ್ನು ನಮ್ಮವನ ಪಕ್ಕದಲ್ಲಿ ನಿಲ್ಲಿಸದೆ ಈ ವಿಷಯವನ್ನು ಮುಗಿಸುವಂತಿಲ್ಲ. ಸಮ್ಯಕ್ತ್ವಕೌಮುದಿಯ ಕಥೆಯನ್ನು ಹದಿನಾರನೆಯ ಶತಮಾನದ ಮೊದಲಿಗೆ ಮೂರನೆಯ ಮಂಗರಸನು ಕನ್ನಡಕ್ಕೆ ತಂದನು. ಸಂಸ್ಕೃತದ ಸಮ್ಯಕ್ತ್ವಕೌಮುದಿಯಲ್ಲಿ ಹಸ್ತಿನಾಪುರದ ಸುಯೋಧನನೆಂಬ ಅರಸನು ದಂಡಯಾತ್ರೆಯಿಂದ ಹಿಂದಿರುಗಿದಾಗ, ತಳಾರ ಯಮದಂಡನ ಪಾಲನೆಯನ್ನು ಜನರು ಹೊಗಳುವುದನ್ನು ಕೇಳಿ ಅಸೂಯೆಪಟ್ಟನು. ಮಂತ್ರಿಯನ್ನೂ ಪುರೋಹಿತನನ್ನೂ ಕೂಡಿಕೊಂಡು ತನ್ನ ಬೊಕ್ಕಸಕ್ಕೆ ತಾನೇ ಕನ್ನವಿಟ್ಟು, ಏಳು ದಿನಗಳೊಳಗೆ ಕಳ್ಳನನ್ನು ಹಿಡಿದು ಕೊಡೆಂದು ತಳಾರನಿಗೆ ಆಜ್ಞಾಪಿಸಿದನು. ಕನ್ನದ ಬಳಿ ಅರಸನ ಪಾದುಕೆ, ಮಂತ್ರಿಯ ಉಂಗುರ, ಪುರೋಹಿತನ ಜನಿವಾರ ಬಿದ್ದಿದ್ದುವು. ಯಮದಂಡನು ಅವನ್ನು ಎತ್ತಿಟ್ಟುಕೊಂಡು, ದಿನಕ್ಕೊಂದರಂತೆ ಏಳು ಕಥೆಗಳನ್ನು ಅರಸನಿಗೆ ಹೇಳಿದನು. ರಕ್ಷಿಸಬೇಕಾದವನೇ ಭಕ್ಷಕನಾದರೆ ಗತಿಯೇನೆಂಬ ಸೂಚನೆ ಪ್ರತಿಯೊಂದು ಕಥೆಯಲ್ಲಿಯೂ ಇತ್ತು. ಅರಸನಿಗೆ ತಿಳಿಯಲಿಲ್ಲ. ಗಡುವು ತೀರಿದ ಮೇಲೆ ಮೂರು ವಸ್ತುಗಳನ್ನೂ ಮಹಾಜನರ ಮುಂದೆ ಇಟ್ಟನು. ಜನರು ಗುರುತಿಸಿ, ಮೂವರನ್ನೂ ಅಧಿಕಾರದಿಂದ ತೆಗೆದರು.

ಹೆಸರು ಒಂದೇ, ವೃತ್ತಿ ಒಂದೇ, ಗಡುವು ಕೂಡ ಏಳೇ ದಿನ. ಮಿಕ್ಕದ್ದೆಲ್ಲ ತಲೆಕೆಳಗಾಗಿದೆ. ಹಸ್ತಿನಾಪುರದ ಯಮದಂಡನ ಕೈಯಲ್ಲಿ ಸಾಕ್ಷ್ಯವಿದೆ, ಆದರೂ ಅಪರಾಧಿಯ ಹೆಸರನ್ನು ಅವನು ಕೊನೆಯವರೆಗೆ ಹೇಳುವುದಿಲ್ಲ. ಏಳು ಸಲ ತಿದ್ದಿಕೊಳ್ಳಲು ಅವಕಾಶ ಕೊಡುತ್ತಾನೆ. ಮಿಥಿಳೆಯ ಯಮದಂಡನ ಕೈಯಲ್ಲಿ ಏನೂ ಇಲ್ಲ, ಆದರೂ ಒಮ್ಮೆಗೇ ಹೆಸರಿಸುತ್ತಾನೆ. ಮೊದಲನೆಯವನಿಗೆ ಎದುರಾಳಿ ಸಿಂಹಾಸನ; ಎರಡನೆಯವನಿಗೆ ಎದುರಾಳಿ ಪಾಳುದೇಗುಲದ ರೋಗಿ. ಬಲವುಳ್ಳವನೊಡನೆ ಕಥೆಯ ಮೂಲಕ ಮಾತನಾಡಬೇಕಾಯಿತು, ದುರ್ಬಲನೊಡನೆ ಚಾವಟಿಯ ಮೂಲಕ ಮಾತನಾಡಬಹುದಾಯಿತು. ಜಾಣತನದಲ್ಲಿ ಹಸ್ತಿನಾಪುರದವನು ಮೇಲು. ಓದುಗನ ಮನಸ್ಸನ್ನು ಕಲಕುವುದರಲ್ಲಿ ಮಿಥಿಳೆಯವನೇ ಮೇಲೆಂದು ನಮ್ಮ ಎಣಿಕೆ. ಒಳ್ಳೆಯ ಅಧಿಕಾರಿಯ ಕಥೆ ಮೆಚ್ಚುಗೆಯನ್ನು ಹುಟ್ಟಿಸಿ ಅಲ್ಲಿಗೆ ತಣಿಯುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬೇಕು. ವಡ್ಡಾರಾಧನೆ ಉಪಸರ್ಗಗಳನ್ನು ಸಹಿಸಿದ ಮಹಾಪುರುಷರ ಚರಿತ್ರೆ. ಅದರಲ್ಲಿ ದಂಡನೆ ಬರುವುದು ಸಹನೆಯನ್ನು ತೋರಿಸಲೆಂದು, ತಳಾರನನ್ನು ತೂಗಿ ನೋಡಲೆಂದಲ್ಲ. ಗ್ರಂಥದ ಉದ್ದೇಶವನ್ನು ಬಿಟ್ಟು ನೀವು ಬೇರೆಯದನ್ನು ಹುಡುಕುತ್ತಿದ್ದೀರಿ ಎಂದು ಹೇಳಬಹುದು. ಈ ಮಾತಿನಲ್ಲಿ ಹುರುಳಿದೆ. ನರಕದ ವೇದನೆಯ ನೆನಪಿನಿಂದ ಈ ಲೋಕದ ವೇದನೆಯನ್ನು ಗೆಲ್ಲುವುದೇ ಕಥೆಗಾರನಿಗೆ ಪ್ರಧಾನ. ಆದರೆ ಅಷ್ಟೇ ಬೇಕಾಗಿದ್ದರೆ ಸಹಾಧ್ಯಯನ, ಪ್ರತಿಜ್ಞೆ, ಪಲಾಯನ, ಏಳು ದಿನದ ಗಡುವು ಇವೆಲ್ಲ ಏತಕ್ಕೆ? ಹಿಂಸಿಸಿದವನಿಗೇ ಅಭಯವನ್ನು ಬೇಡುವ ಪ್ರಸಂಗ ಏತಕ್ಕೆ? ಯಮದಂಡನು ಸಂಪೂರ್ಣವಾಗಿ ನಿರ್ದೋಷಿಯಾಗಿದ್ದರೆ, ಹಿಡಿದು ತಂದವನ ಮಾತು ನಿಜವೆಂದು ಸ್ಥಿರಪಟ್ಟ ಮೇಲೆಯೂ ಅವನ ಪರವಾಗಿ ಅಭಯವನ್ನು ಬೇಡುವ ಅಗತ್ಯವಿರಲಿಲ್ಲ. ಬೇಡಿದವನಿಗೆ ತನ್ನ ಕೆಳೆಯನ ಸ್ಥಿತಿ ಚೆನ್ನಾಗಿ ತಿಳಿದಿತ್ತು.

ನಮ್ಮ ಪ್ರಾಂತದ ಕಾಲೇಜುಗಳಲ್ಲಿ ಹಳಗನ್ನಡವನ್ನು ಬೋಧಿಸುವವರು ಈ ಭಾಗವನ್ನು ಹೇಗೆ ಓದಿಸುತ್ತಾರೆಂಬುದರ ಮೇಲೆ ಸ್ವಲ್ಪ ನಿಂತಿದೆ. ಸಾಮಾನ್ಯವಾಗಿ ದಂಡನೆಗಳ ಪ್ರಕರಣವನ್ನು ಶಬ್ದಾರ್ಥ ಹೇಳಿ ದಾಟಿಸಿ, ವಿದ್ಯುಚ್ಚೋರನ ಧೈರ್ಯವನ್ನು ಕೊಂಡಾಡಿ ಮುಂದೆ ಹೋಗುವುದುಂಟು. ತಾಳಿಕೊಂಡವನನ್ನು ಹೊಗಳುತ್ತ ಹೊಡೆದವನನ್ನು ಮರೆಯುವುದು ಹೀಗೆ ಅಭ್ಯಾಸವಾಗುತ್ತದೆ. ವಿದ್ಯಾರ್ಥಿಯೊಬ್ಬನು, ಹಿಡಿದದ್ದು ನಿಜವಾದ ಕಳ್ಳನನ್ನೇ ಅಲ್ಲವೆ, ಹೊಡೆದರೆ ತಪ್ಪೇನು ಎಂದು ಕೇಳಿದರೆ ಅಧ್ಯಾಪಕನು ಏನು ಹೇಳಬೇಕು? ಪ್ರಶ್ನೆ ಹಳೆಯದಲ್ಲ. ಪೊಲೀಸು ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದೆಂದು ೧೮೭೨ರ ಸಾಕ್ಷ್ಯದ ಕಾನೂನು ತನ್ನ ಇಪ್ಪತ್ತೈದನೆಯ ಪ್ರಕರಣದಲ್ಲಿ ವಿಧಿಸಿತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ನಿಯಮವನ್ನು ಉಳಿಸಿಕೊಂಡಿದೆ. ಠಾಣೆಯಲ್ಲಿ ಸತ್ಯ ಹೇಗೆ ಹೊರಡುತ್ತದೆಂಬ ವಿಷಯದಲ್ಲಿ ಕಾನೂನು ಮಾಡಿದವರಿಗೇ ನಂಬಿಕೆಯಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಮ್ಮ ಕರಾವಳಿಯಲ್ಲಂತೂ ಮನೆಯಲ್ಲಿ ಕಳವಾದರೆ ಠಾಣೆಗೆ ದೂರು ಕೊಟ್ಟವರೂ ದೈವದ ಮುಂದೆ ಹೇಳಿಕೊಳ್ಳುವುದನ್ನು ಬಿಡರು. ಕದ್ದವನು ತಾನಾಗಿಯೇ ಬಂದು ಒಪ್ಪಿಸಲಿ ಎಂಬುದು ಆ ಹೇಳಿಕೆಯ ಆಶಯ. ಅಲ್ಲಿಯೂ ಭಯವಿದೆ, ಇಲ್ಲವೆನ್ನುವಂತಿಲ್ಲ. ಆದರೆ ಒಪ್ಪಿಸುವವನು ತನ್ನ ಕಾಲಿನಿಂದ ನಡೆದು ಬರುತ್ತಾನೆ.

ಕಥೆಯ ಉಳಿದ ಭಾಗವನ್ನು ಹೇಳಿಬಿಡಬೇಕು. ವಿದ್ಯುಚ್ಚೋರನು ಕದ್ದುದನ್ನೆಲ್ಲ ತೋರಿಸಿಕೊಟ್ಟು, ಯಮದಂಡನನ್ನು ಕರೆದುಕೊಂಡು ತನ್ನ ನಾಡಿಗೆ ಹಿಂದಿರುಗಿದನು. ಮಗನಿಗೆ ಪಟ್ಟವನ್ನು ಕಟ್ಟಿ ದೀಕ್ಷೆಯನ್ನು ಪಡೆದನು. ಬಹುಕಾಲದ ಮೇಲೆ ಐನೂರು ರಿಸಿಯರೊಡನೆ ವಿಹರಿಸುತ್ತ ತಾಮ್ರಲಿಪ್ತಿಗೆ ಬಂದನು. ತನ್ನ ಪೂಜೆ ಮುಗಿಯುವವರೆಗೆ ಪಟ್ಟಣವನ್ನು ಹೊಗಬೇಡಿರೆಂದು ಚಾಮುಂಡಿ ತಡೆದಳು. ಶಿಷ್ಯರ ಒತ್ತಾಯದಿಂದ ಅವರು ಹೊಕ್ಕರು. ಆ ಇರುಳು ಕೋಟೆಯ ಬಳಿ ಪ್ರತಿಮಾಯೋಗದಲ್ಲಿ ನಿಂತಿರುವಾಗ ಕಾಡುನೊಣಗಳೂ ಸೊಳ್ಳೆಗಳೂ ದೇವಿಯ ಕೋಪದಿಂದ ಹಿಂಡುಹಿಂಡಾಗಿ ಕವಿದುವು. ಭಗವತೀ ಆರಾಧನೆಯ ಗಾಹೆ ನೆನೆಯುವುದು ಈ ಇರುಳನ್ನೇ. ಮಿಥಿಳೆಯಲ್ಲಿ ಮೂವತ್ತೆರಡು ದಂಡನೆಗಳನ್ನು ತಾಳಿದ ಮೈಯೇ ಇಲ್ಲಿಯೂ ತಾಳಿತು. ಅಲ್ಲಿ ಎದುರಿಗೆ ಕೆಳೆಯನಿದ್ದನು, ಕೇಳುವ ಅರಸನಿದ್ದನು, ಬಚ್ಚಿಡಬೇಕಾದ ಹಾರವಿತ್ತು. ತಾಮ್ರಲಿಪ್ತಿಯ ಕೋಟೆಯ ಬಳಿ ಇವರಲ್ಲಿ ಯಾರೂ ಇರಲಿಲ್ಲ, ಬೆಳಗಾಗುವ ಮೊದಲು ಅವನು ಮುಕ್ತನಾದನು.